ಪಾಯ ಅಗೆಸುವ ಮೊದಲು

ಚಿ. ಗುರುರಾಜನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಮ್ಮ ಅಣ್ಣ, ವೈನಿ (ಅತ್ತಿಗೆ) ಇನ್ನು ಪುಣೆಯ ಧಾಯರಿಯಲ್ಲಿ ನಿನ್ನ ಜೊತೆಗೇ ಇರುತ್ತಾರೆ, ಅವರಿಗಾಗಿ ಕೆಳಗೊಂದು ಕೋಣೆ ಕಟ್ಟಿಸುತ್ತೀ ಎಂದು ಕೇಳಿ ಬಹಳ ಸಂತೋಷವಾಯಿತು. ಆದರೆ ನೀನು ಕಳಿಸಿದ ನಕ್ಷೆಯಲ್ಲಿ ಕೋಣೆಯ ಗೋಡೆ ಪಕ್ಕದ ಆಜಿಯ ಕಂಪೌಂಡಿಗೆ ಅಂಟಿಕೊಂಡೇ ಇದೆ. ಅದನ್ನು ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

1998ರಲ್ಲಿ ಚಿಂಚವಡದ ನಮ್ಮ ಮನೆಗೆ ಹಿಂದೊಂದು ಕೋಣೆ ಸೇರಿಸಿದೆವು. ಜೂನ್ ಬಂದಿತ್ತು. ಲಗೂನೆ ಮುಗಿಸೋಣ ಅಂದ ಗೌಂಡಿ, ನಾನೂ ಹೂಂ ಅಂದೆ. ಪಕ್ಕದವರ ಗೋಡೆಯ ಬುಡಕ್ಕೇ ಇಪ್ಪತ್ತು ಅಡಿ ಉದ್ದ ಪಾಯ ಒಂದೇ ದಿನ ಅಗೆಸಿಬಿಟ್ಟೆವು. ರಾತ್ರಿ ಮಳೆ ಹೊಡೆಯಿತು. ಅಲ್ಲಿಯದು ಎರೆ ಮಣ್ಣು. ಬೆಳಗ್ಗೆ ನೋಡಿದರೆ ಅವರ ಗೋಡೆ ನಮ್ಮ ಪಾಯದೊಳಗೆ ಬಿದ್ದಿತ್ತು, ಬಟ್ಟೆ ಒಗೆಯುವ ಕಲ್ಲು, ಹಿತ್ತಾಳೆ ತಂಬಿಗೆ ಸಮೇತ. ಒಬ್ಬರ ನೆಲಕ್ಕೆ ಪಕ್ಕದ ನೆಲ ಕೊಡುವ ಆಸರೆಯನ್ನು ಕೀಳಬಾರದು ಎಂದು 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ. ನನಗದು ಆಮೇಲೆ ಗೊತ್ತಾಯಿತು. ಗೋಡೆ ಕಟ್ಟಿಸಿಕೊಟ್ಟೆ. ಆದರೂ ಆರು ವರ್ಷ ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ಆ ಮನೆಯಿಂದ ನಿನ್ನ ಕಾಕುಗೆ ಕರೆ ಬರಲಿಲ್ಲ. ಅವಳು ಮಾತ್ರ ಪ್ರತಿ ವರ್ಷ ಕುಸುರೆಳ್ಳಿನ ಒಂದು ಪೊಟ್ಟಣ ಅವರಿಗೆಂದು ಕಟ್ಟಿ ಇಡುತ್ತಿದ್ದಳು.

ಅದಕ್ಕೇ ಹೇಳುತ್ತೇನೆ, ಮೊದಲು ಮೋಜಣಿ, ಅಂದರೆ ಜಾಗದ ಸರ್ಕಾರಿ ಅಳತೆ ಮಾಡಿಸು. ಈಗಿರುವ ಕಂಪೌಂಡೇ ಗಡಿ ಅಂತ ನಂಬಬೇಡ. ಭೂಮಿ ಅಭಿಲೇಖ (ಭೂದಾಖಲೆ) ಕಚೇರಿಗೆ ಅರ್ಜಿ ಕೊಟ್ಟರೆ ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಅಳತೆ ಮಾಡಿ ಕೊನೆಗೆ ಗಡಿ ತೋರಿಸುವ ನಕ್ಷೆ ‘ಕ-ಪ್ರತ್’ ಕೊಡುತ್ತಾರೆ. ಆ ನೋಟಿಸ್ ಮುಟ್ಟುವ ಮೊದಲೇ ನೀನು ಆಜಿಯ ಮನೆಗೆ ಹೋಗಿ ಕುಳಿತು ಮಾತಾಡು. ಸರ್ಕಾರದ ಕಾಗದದಿಂದ ಆಕೆಗೆ ವಿಷಯ ತಿಳಿಯುವುದು ಚೆನ್ನಾಗಿರಲ್ಲ, ಅಲ್ವಾ?

ಆಜಿ ಒಪ್ಪಿ ಸಹಿ ಹಾಕಿಕೊಟ್ಟರೂ ಗಡಿಗೆ ಅಂಟಿಸಿ ಕಟ್ಟಲು ಅಷ್ಟು ಸಾಲದು. ನೀವು ಮನೆ ಕಟ್ಟಿದಾಗ ಧಾಯರಿ ಗ್ರಾಮಪಂಚಾಯತಿಯಲ್ಲಿತ್ತು. 2017ರಲ್ಲಿ ಪುಣೆ ಪಾಲಿಕೆಗೆ ಸೇರಿತು. ಈಗ ಮನೆ ಕಟ್ಟುವುದಕ್ಕೆ ಮಹಾರಾಷ್ಟ್ರದ 2020ರ ಯುಡಿಸಿಪಿಆರ್ ಎಂಬ ಕಟ್ಟಡ ನಿಯಮ ನಡೆಯುತ್ತದೆ. ಪಕ್ಕದಲ್ಲಿ ಎಷ್ಟು ಜಾಗ ಬಿಡಬೇಕು ಎನ್ನುವುದು ಪ್ಲಾಟಿನ ಅಳತೆ, ಕಟ್ಟಡದ ಎತ್ತರದ ಮೇಲೆ ಇರುತ್ತದೆ. ಲೈಸನ್ಸ್ ಇರುವ ಆರ್ಕಿಟೆಕ್ಟ್ ಕೈಯಲ್ಲಿ ನಕ್ಷೆ ಮಾಡಿಸಿ ಮಂಜೂರಾತಿ ತಗೋ. ಪರವಾನಗಿ ಇಲ್ಲದೆ ಕಟ್ಟಿದ್ದನ್ನು ಒಡೆಯಿರಿ ಎಂದು ನಗರ ರಚನೆ ಕಾಯ್ದೆಯ 53ನೇ ಕಲಮಿನಲ್ಲಿ ನೋಟಿಸ್ ಬರುತ್ತದೆ. ಅಣ್ಣ ಮಲಗುವ ಕೋಣೆಗೆ ಅಂಥ ಕಾಗದ ಬರಬಾರದು.

ಆ ಬಿಟ್ಟ ಜಾಗ ದಂಡ ಅಂದುಕೊಳ್ಳಬೇಡ. ಗೋಡೆಯ ಹೊರಮೈಗೆ ಗಿಲಾವು ಮಾಡಲು ಗೌಂಡಿ ಎಲ್ಲಿ ನಿಲ್ಲುತ್ತಾನೆ ಹೇಳು. ನಾಳೆ ಪೈಪು ಸೋರಿದರೆ ಎಲ್ಲಿಂದ ರಿಪೇರಿ? ನಿನ್ನ ಜಾಗದಲ್ಲೇ ನಿಂತು ಮಾಡುವಂತಿರಬೇಕು. ಪಾಯದ ಅಗಲ ಗೋಡೆಗಿಂತ ಜಾಸ್ತಿ, ಅದೂ ನೆಲದೊಳಗೆ ನಿನ್ನ ಗಡಿ ದಾಟಬಾರದು. ಕಿಟಕಿಯ ಮೇಲಿನ ಛಜ್ಜಾ ಆಚೆ ಚಾಚಬಾರದು. ಸ್ಲ್ಯಾಬಿನ ಇಳಿಜಾರು ನಿನ್ನ ಅಂಗಳದ ಕಡೆಗೇ ಇರಲಿ.

ಇನ್ನು ಆಜಿಯ ಅಡುಗೆಮನೆ ಕಿಟಕಿ. ಕಳೆದ ಸಲ ಬಂದಾಗ ನೋಡಿದೆ, ಬೆಳಗಿನ ಬಿಸಿಲು ನೇರ ಆಕೆಯ ಒಲೆಕಟ್ಟೆಯ ಮೇಲೆ ಬೀಳುತ್ತದೆ. ಆಕೆ ಅಲ್ಲೇ ನಿಂತು ಅಕ್ಕಿ ಆರಿಸುತ್ತಿದ್ದರು. ಆ ಮನೆಗೆ ಇಪ್ಪತ್ತೈದು ವರ್ಷವಾಯಿತು. ಕಿಟಕಿಯ ಬೆಳಕು, ಗಾಳಿಯನ್ನು ತಡೆಯಿಲ್ಲದೆ, ಯಾರ ಪರವಾನಗಿಯನ್ನೂ ಕೇಳದೆ 20 ವರ್ಷ ಅನುಭವಿಸಿದರೆ ಅದು ಹಕ್ಕಾಗುತ್ತದೆ. ಸ್ವಲ್ಪ ಕಡಿಮೆಯಾದರೆ ಕೋರ್ಟು ಕೇಳುವುದಿಲ್ಲ, ಕೋಣೆ ಕತ್ತಲಾದರೆ ಕೇಳುತ್ತದೆ. ಕೋರ್ಟಿನ ಮಾತು ಬಿಡು, ಒಬ್ಬರೇ ಇರುವ ಆಕೆ ಹಗಲು ಹೊತ್ತು ದೀಪ ಹಚ್ಚಿಕೊಂಡು ಅಡುಗೆ ಮಾಡಬೇಕಾ? ಕೋಣೆಯನ್ನು ನಾಲ್ಕು ಅಡಿ ಹಿಂದಕ್ಕೆ ಸರಿಸಿದರೆ ಕಿಟಕಿ ಬಿಡುಗಡೆಯಾಗುತ್ತದೆ. ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕಳಿಸಿದ್ದೇನೆ, ನೋಡು.

ಪಾಯ ಒಮ್ಮೆಲೇ ಅಗೆಸಬೇಡ. ತುಂಡು ತುಂಡಾಗಿ ಅಗೆಸಿ, ತುಂಬಿಸಿ, ಮುಂದೆ ಹೋಗು. ಮೃಗಶಿರಾ ಮಳೆ ಕೂಡುವುದರೊಳಗೆ ಪ್ಲಿಂತ್ (ಪಾಯದ ಮೇಲಿನ ನೆಲಗಟ್ಟು) ಆಗುವುದಿಲ್ಲ ಅನಿಸಿದರೆ ದೀಪಾವಳಿವರೆಗೂ ತಡೆ. ಅಷ್ಟು ದಿನ ಅಣ್ಣ, ವೈನಿ ನಮ್ಮಲ್ಲೇ ಇರಲಿ.

ಮೋಜಣಿ ದಿನ ತಿಳಿಸು. ಬೆಳಗ್ಗೆ ಮೊದಲ ಬಸ್ಸಿಗೇ ಬರುತ್ತೇನೆ, ಆಜಿಗೆ ಕಾಕು ಕುಸುರೆಳ್ಳು ಕೊಟ್ಟು ಕಳಿಸುತ್ತಾಳೆ.

ನಿನ್ನ ಕಾಕಾ