ದೊಡ್ಡತ್ತೆಗೆ, ತಂಗಿಗೆ, ಇನ್ನೂ ಕೆಲವರಿಗೆ

ಮೊನ್ನೆ ನನ್ನ ಎರಡನೇ ವರ್ಷದ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಪರೀಕ್ಷೆ, ಮುಗಿಯಿತು. ಈ ಸಲ ಏನೂ ಸಿಗಲಿಲ್ಲ. ದಾವಣಗೆರೆಗೆ ಬಂದಿಳಿದವನೇ ಸೀದಾ ಹೋಗಿ ಎರಡು ಬೆಣ್ಣೆ ದೋಸೆ ತಿಂದೆ. ಉಪ್ಪುಪ್ಪಾದ ಔಷಧಿ ನೀರು ಲೀಟರ್‌ಗಟ್ಟಲೆ ಕುಡಿದು, ರಾತ್ರಿಯೆಲ್ಲ ಬಚ್ಚಲಿಗೆ ಓಡಾಡಿದವನಿಗೆ ಅಷ್ಟಾದರೂ ಬೇಡ್ವಾ?

ಮೊದಲ ಥ್ಯಾಂಕ್ಸ್ ಅಣ್ಣನಿಗೆ. 41ನೇ ವಯಸ್ಸಿಗೆ ಅವನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಯಿತು. ರಕ್ತ ಹೋಗುತ್ತಿದ್ದರೂ ಎಂಟು ತಿಂಗಳು ಮೂಲವ್ಯಾಧಿಯ ಮಾತ್ರೆ ನುಂಗಿಸಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಲ್ಲಿ ಬೇಡ ಬಿಡಿ. ಬೆಂಗಳೂರಿನಲ್ಲಿ ಆಪರೇಷನ್ ಆದ ಮೇಲೆ ಗಡ್ಡೆಯ ಚೂರನ್ನು ಪರೀಕ್ಷೆ ಮಾಡಿದರು. ಎಂಎಸ್‌ಎಚ್2, ಎಂಎಸ್‌ಎಚ್6 ಅನ್ನುವ ಎರಡು ಪ್ರೋಟೀನ್ ಅದರಲ್ಲಿ ಕಾಣಲಿಲ್ಲ. ಡಿಎನ್‌ಎ ನಕಲಾಗುವಾಗ ಬೀಳುವ ತಪ್ಪುಗಳನ್ನು ತಿದ್ದುವ ಕೆಲಸ ಅವುಗಳದ್ದು. ಅಲ್ಲಿಂದ ನಮ್ಮನ್ನು ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕಳಿಸಿದರು.

ಆ ಮೇಡಂ ಬಿಳಿ ಹಾಳೆ, ಪೆನ್ಸಿಲ್ ಹಿಡಿದು ಕೂತರು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ತೀರಿಕೊಂಡವರಿಗೆ ಅಡ್ಡಗೆರೆ, ಕ್ಯಾನ್ಸರ್ ಬಂದವರಿಗೆ ಕಪ್ಪು. ಅಪ್ಪ ಹೇಗೆ ಹೋದರು ಅಂದರೆ ನಮಗೆ ಗೊತ್ತಿದ್ದದ್ದು "ಹೊಟ್ಟೆನೋವು" ಅಷ್ಟೇ. ಹೊಳಲ್ಕೆರೆಯ ದೊಡ್ಡತ್ತೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆವು. ಅವರಿಗೆ ಇಸವಿ ಬರುವುದಿಲ್ಲ, ಆದರೆ ಲೆಕ್ಕ ಪಕ್ಕಾ. "ನಿಮ್ಮಪ್ಪ ಹೋದಾಗ ನೀನು ನಾಲ್ಕನೇ ಕ್ಲಾಸು. ಕರುಳಲ್ಲಿ ಗಂಟು ಅಂದಿದ್ರು. ಚಿಕ್ಕತ್ತೆ ಮದುವೆ ಇತ್ತಲ್ಲಪ್ಪ, ಯಾರಿಗೂ ಹೇಳ್ಲಿಲ್ಲ." ಸ್ವಲ್ಪ ತಡೆದು ಅಂದರು: "ನಂದೂ ಗರ್ಭಕೋಶ ತೆಗೆಸಿದ್ದು ಅದಕ್ಕೇ."

ಪೆನ್ಸಿಲ್ ನಿಂತಿತು. ಆಮೇಲೆ ಮೇಡಂ ಆ ಸೊನ್ನೆಗೂ ನಿಧಾನಕ್ಕೆ ಕಪ್ಪು ತುಂಬಿದರು. ಒಂದೇ ಮನೆತನದಲ್ಲಿ ಕರುಳಿನದ್ದೂ ಗರ್ಭಕೋಶದ್ದೂ ಕ್ಯಾನ್ಸರ್ ಕಂಡರೆ ಲಿಂಚ್ ಸಿಂಡ್ರೋಮ್, ಅಂದರೆ ಇಂಥ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ, ವಂಶದಲ್ಲಿ ಇಳಿದು ಬರುವ ಜೀನಿನ ದೋಷ, ಅನ್ನುವ ಅನುಮಾನ ಜಾಸ್ತಿಯಾಗುತ್ತದಂತೆ. ಅಣ್ಣನ ರಕ್ತದಲ್ಲಿ ಎಂಎಸ್‌ಎಚ್2 ಜೀನಿನ ದೋಷ ಸಿಕ್ಕೇ ಸಿಕ್ಕಿತು.

ಮುಂದೆ ನಾನು ಮತ್ತು ತಂಗಿ. ನಮ್ಮಲ್ಲಿ ಆ ಒಂದು ದೋಷವನ್ನು ಹುಡುಕಿದರೆ ಸಾಕು. ಒಬ್ಬೊಬ್ಬರಿಗೂ ಸಾಧ್ಯತೆ ಅರ್ಧಕ್ಕರ್ಧ. ನನಗಿತ್ತು, ಅವಳಿಗಿರಲಿಲ್ಲ. ಅತ್ತವಳು ಮಾತ್ರ ಅವಳು! "ನನ್ನೊಬ್ಬಳನ್ನೇ ಯಾಕೆ ಬಿಟ್ತು" ಅಂತ. ನನ್ನ ಮೊದಲ ಕೊಲೊನೋಸ್ಕೋಪಿಗೆ ಸ್ಕೂಲಿಗೆ ರಜೆ ಹಾಕಿ ಬಂದವಳೂ ಅವಳೇ. ಆಗ ಒಂದು ಸಣ್ಣ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಮಾಂಸದ ಬೆಳವಣಿಗೆ, ಸಿಕ್ಕಿತ್ತು. ಅಲ್ಲೇ ಕತ್ತರಿಸಿ ತೆಗೆದರು. ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗಬಹುದಾಗಿತ್ತು. ಜೀನ್ ಇದೆ ಅಂದರೆ ಕಾಯಿಲೆ ಬಂದೇಬಿಟ್ಟಿದೆ ಅಂತಲ್ಲ. ಒಂದೆರಡು ವರ್ಷಕ್ಕೊಮ್ಮೆ ಒಳಗೆ ನೋಡಿಸಿಕೊಳ್ಳುತ್ತಿರಬೇಕು.

ಕೀಮೋ ದಿನಗಳಲ್ಲಿ ಅಣ್ಣನ ಅಂಗಡಿ ತೆರೆದು ಕೂತ ಪಕ್ಕದ ಅಂಗಡಿಯವರಿಗೆ, ಬೆಂಗಳೂರಲ್ಲಿ ಬುತ್ತಿ ಕಟ್ಟಿಕೊಟ್ಟ ಅತ್ತಿಗೆಯ ತವರಿನವರಿಗೆ ಏನು ಹೇಳಿದರೂ ಕಮ್ಮಿಯೇ.

ದೊಡ್ಡತ್ತೆಯದು ಇನ್ನೊಂದು ಮಾತಿದೆ. ಅವರ ಮೊಮ್ಮಗಳಿಗೂ ಈ ದೋಷ ಇದೆ. ಕಳೆದ ತಿಂಗಳು ಅವಳನ್ನು ನೋಡಲು ಗಂಡಿನವರು ಬಂದಿದ್ದರು. ಹೇಳಿಬಿಡು ಅಜ್ಜಿ ಅಂತ ಅವಳೇ ಅಂದಿದ್ದಳಂತೆ. ಉಪ್ಪಿಟ್ಟಿನ ತಟ್ಟೆ ಇಡುವ ಮೊದಲೇ ಅತ್ತೆ ಎಲ್ಲ ಹೇಳಿಬಿಟ್ಟರು. ಹುಡುಗ ಕೇಳಿದ್ದು ಒಂದೇ, ವರ್ಷಕ್ಕೊಮ್ಮೆ ಯಾವ ಆಸ್ಪತ್ರೆಗೆ ಹೋಗಬೇಕು ಅಂತ.