ಬಹುಮಾನ ಕೊಡುವ ಮೊದಲು

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಅಜ್ಜಿಯ ಹೆಸರಲ್ಲಿ ನೀನೂ ನಿನ್ನ ಗೆಳತಿಯರೂ ಸೇರಿ ಅಧ್ಯಾತ್ಮ, ಸಾಮಾಜಿಕ ನ್ಯಾಯದ ಬಗೆಗಿನ ಕಲೆಗೆ ವರ್ಷಕ್ಕೊಂದು ಬಹುಮಾನ ಕೊಡಬೇಕು ಅಂತಿದ್ದೀರಂತೆ, ನಿಮ್ಮಪ್ಪ ಹೇಳಿದ. ಕೇಳಿ ತುಂಬಾ ಖುಷಿಯಾಯಿತು. ಈ ಎರಡನ್ನೂ ಒಂದೇ ಬಹುಮಾನದಲ್ಲಿ ಇಡಬಹುದಾ ಅನ್ನೋ ಅನುಮಾನ ಬೇಡ. 12ನೇ ಶತಮಾನದ ಕಲ್ಯಾಣದಲ್ಲಿ ಶಿವನ ಮಾತಾಡಿದ ಶರಣರೇ ಜಾತಿಯನ್ನೂ ಪ್ರಶ್ನಿಸಿದರು. ಕನಕದಾಸರು ರಾಮನ ಮುಂದೆ ಭತ್ತ, ರಾಗಿಯ ಜಗಳ ತಂದು, ಬಡವರ ರಾಗಿಯನ್ನೇ ಗೆಲ್ಲಿಸಿದರು.

ಹೊರಗೂ ಇಂಥದ್ದಿದೆ. ಸಿಡ್ನಿಯಲ್ಲಿ 1951ರಲ್ಲಿ ಧಾರ್ಮಿಕ ಕಲೆಗಾಗಿ ಶುರುವಾದ ಬ್ಲೇಕ್ ಬಹುಮಾನವನ್ನು ಕಟ್ಟಿದ್ದು ಒಬ್ಬ ಜೆಸ್ಯೂಟ್ ಪಾದ್ರಿ, ಒಬ್ಬ ಯಹೂದಿ. ಇವತ್ತು ಅದಕ್ಕೆ ಯಾವ ಮತದವರಾದರೂ ಕೃತಿ ಕಳಿಸಬಹುದು, ದೇವರನ್ನು ನಂಬದವರೂ ಕಳಿಸಬಹುದು. ನೀವೂ ಹಾಗೇ ಮಾಡಿ.

ನನ್ನ ಚಿಂತೆ ಇರುವುದು ಅರ್ಜಿಯ ಬಗ್ಗೆ. ಜೋಗತಿ ನೃತ್ಯದ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರನ್ನೇ ನೋಡು. ಭಿಕ್ಷೆ ಬೇಡಿ ಬದುಕಿದವರು, ತಲೆ ಮೇಲೆ ಕೊಡ ಹೊತ್ತು ಎಲ್ಲಮ್ಮನ ಹಾಡಿಗೆ ಕುಣಿದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಆ ಕುಣಿತ ದೇವಿಯ ಸೇವೆ. ಲಿಂಗತ್ವ ಅಲ್ಪಸಂಖ್ಯಾತರು ಊರ ಮುಂದೆ ತಲೆಯೆತ್ತಿ ನಿಲ್ಲುವ ಜಾಗವೂ ಅದೇ. ಅವರು ಹರೆಯದಲ್ಲಿದ್ದಾಗ ನಿಮ್ಮ ಇಂಗ್ಲಿಷ್ ಫಾರಂ ತುಂಬಿ, ಶುಲ್ಕ ಕಟ್ಟಿ, ಫೋಟೋ ಸಮೇತ ಇಮೇಲ್ ಮಾಡೋಕೆ ಆಗ್ತಿತ್ತಾ? ಅಂಥವರನ್ನು ಹೊರಗಿಟ್ಟು ನ್ಯಾಯದ ಹೆಸರಲ್ಲಿ ಬಹುಮಾನ ಕೊಟ್ಟರೆ ಅಜ್ಜಿಯ ಹೆಸರಿಗೆ ಏನು ಶೋಭೆ?

ಅದಕ್ಕೇ ಹೇಳ್ತೀನಿ, ಶುಲ್ಕ ಇಡಲೇಬೇಡಿ. ಕನ್ನಡದಲ್ಲಿ ಮಾತಾಡಿ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜನ್ನೂ ಅರ್ಜಿ ಅಂತಲೇ ತಗೊಳ್ಳಿ. ಆಯ್ಕೆಯಾದವರಿಗೆ ಫ್ರೇಮ್ ಹಾಕಿಸೋಕೆ, ಬೆಂಗಳೂರಿಗೆ ಬಂದು ಉಳಿಯೋಕೆ ದುಡ್ಡು ಮುಂಚೆಯೇ ಕೊಡಿ. ಆಮೇಲೆ ಬಿಲ್ ತನ್ನಿ ಅಂದರೆ ಕೈಯಲ್ಲಿ ಕಾಸಿಲ್ಲದವರು ಬರೋದೇ ಇಲ್ಲ. ಶಾಲು, ಹಾರ, ಫಲಕ ಬಿಟ್ಟು ಆ ದುಡ್ಡನ್ನು ಇದಕ್ಕೆ ಹಾಕಿ.

ತೀರ್ಪುಗಾರರಲ್ಲಿ ಪ್ರೊಫೆಸರು, ವಿಮರ್ಶಕರು ಇರಲಿ. ಪೌರಕಾರ್ಮಿಕರ ಓಣಿಯಲ್ಲಿ ಬೆಳೆದ ಕಲಾವಿದರೊಬ್ಬರು ಖಂಡಿತ ಇರಲಿ, ಅವರಿಗೂ ಸಂಭಾವನೆ ಕೊಡಿ. ಗೆದ್ದ ಕೃತಿ ನಿಮಗೇ ಇರಿಸುಮುರಿಸು ಮಾಡಬಹುದು. ದೇವಸ್ಥಾನದ ಬಾಗಿಲಲ್ಲಿ ತಡೆದು ನಿಲ್ಲಿಸಿದ ನೋವನ್ನು ಯಾರಾದರೂ ಬರೆದರೆ ಅದು ನಯವಾಗಿ ಇರೋದಿಲ್ಲ. ಆಗ ತೀರ್ಪಿಗೆ ಕೈ ಹಾಕಬೇಡಿ. ಹೊರಗೆ ಗಲಾಟೆ ಎದ್ದರೆ ಕಲಾವಿದರ ಪಕ್ಕ ನಿಲ್ಲಿ. ಅಷ್ಟು ಧೈರ್ಯ ಇದೆಯಾ ಅಂತ ಈಗಲೇ ಗೆಳತಿಯರ ಹತ್ತಿರ ಕೂತು ಮಾತಾಡಿಕೋ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ಇರುತ್ತೆ. ಸುಮ್ನೆ ಚಿತ್ರ ನೋಡಿ ಬರಬೇಡ. ದೂರದ ಊರಿಂದ ಬಂದವರ ಹತ್ತಿರ ಕೂತು, ಇಲ್ಲಿಗೆ ಬರೋಕೆ ಎಷ್ಟು ಖರ್ಚಾಯಿತು, ರಾತ್ರಿ ಎಲ್ಲಿ ಉಳಿದರು ಅಂತ ಕೇಳು. ಅದನ್ನು ನೋಡಿ ನಿಮ್ಮ ಬಜೆಟ್ ಬರೆಯಿರಿ.

ಮೊದಲ ವರ್ಷದ ಪ್ರಯಾಣದ ಖರ್ಚು ನನ್ನದು. ಫಾರಂ ಅಚ್ಚಿಗೆ ಕೊಡುವ ಮುಂಚೆ ಭಾನುವಾರ ಮನೆಗೆ ತಗೊಂಡು ಬಾ, ಊಟಕ್ಕೆ ಗೆಳತಿಯರನ್ನೂ ಕರಕೊಂಡು ಬಾ.

ನಿನ್ನ ದೊಡ್ಡಪ್ಪ