ಶೀರ್‌ನೆಸ್ ಚರ್ಚಿನ ಬಾಗಿಲು ತೆರೆಯಿತು, ಪಕ್ಕದ ಗೇಟ್ ಯಾವಾಗ?

ಸಿಟಿಂಗ್‌ಬೋರ್ನ್ ಮತ್ತು ಶೆಪ್ಪಿ ಕ್ಷೇತ್ರದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದ ಮತದಾರ, ಕನ್ನಡಿಗ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕೆಂಟ್‌ನಲ್ಲಿರುವ ನಮ್ಮವರೂ ಓದಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ.

ಶೀರ್‌ನೆಸ್ ಎಂಬ ಕೆಂಟ್‌ನ ಬಂದರು ಪಟ್ಟಣದ ಡಾಕ್‌ಯಾರ್ಡ್ ಚರ್ಚನ್ನು ನಾನು ಮೊದಲು ನೋಡಿದ್ದು ಬೇಲಿಯ ಆಚೆ ನಿಂತು. ಸೂರು ಇರಲಿಲ್ಲ. ಕಿಟಕಿಯಲ್ಲಿ ಆಕಾಶ ಕಾಣುತ್ತಿತ್ತು. ನಮ್ಮೂರ ಕಡೆ ಹಾಳುಬಿದ್ದ ಗುಡಿಯ ಗೋಪುರದಲ್ಲಿ ಅರಳಿ ಗಿಡ ಬೇರು ಬಿಡುತ್ತಲ್ಲ, ಇಲ್ಲೂ ಗೋಡೆಯ ತುಂಬ ಹಾಗೇ ಗಿಡಗಳು. ಸಂಕಟವಾಯಿತು.

ಅದು ಸಾಮಾನ್ಯ ಕಟ್ಟಡವಲ್ಲ. ಅದು ಇರುವುದು ಎಂಜಿನಿಯರ್ ಜಾನ್ ರೆನ್ನಿ ನಕ್ಷೆ ಹಾಕಿದ, ನೌಕಾಪಡೆಯ ಹಡಗುಕಟ್ಟೆಯಲ್ಲಿ (ಡಾಕ್‌ಯಾರ್ಡ್). ಕಾಲಿಟ್ಟರೆ ಹೂತುಹೋಗುವ ಕೆಸರಲ್ಲಿ ಮರದ ದಿಮ್ಮಿಗಳನ್ನು ಇಳಿಸಿ, ಅದರ ಮೇಲೆ ಕಲ್ಲು ಕಟ್ಟಿದರು. ಆ ಹಡಗುಕಟ್ಟೆಯ ಜನರಿಗಾಗಿ ನೌಕಾಪಡೆಯ ಸರ್ವೇಯರ್ ಜಾರ್ಜ್ ಲೆಡ್ವೆಲ್ ಟೇಲರ್ 1828ರಲ್ಲಿ ಈ ಚರ್ಚ್ ಕಟ್ಟಿದ. ಹಳದಿ ಇಟ್ಟಿಗೆಯ ಗೋಡೆ, ಮುಂದೆ ಕಲ್ಲುಕಂಬಗಳ ಮಂಟಪ, ಮೇಲೆ ಗಡಿಯಾರದ ಗೋಪುರ. ಹೊರಗೆ ಗ್ರೀಕ್ ದೇವಾಲಯದ ಗತ್ತು. ಒಳಗೆ ಮಾತ್ರ ಎರಕದ ಕಬ್ಬಿಣದ ಕಂಬಗಳು ಗ್ಯಾಲರಿಯನ್ನು ಹೊತ್ತಿದ್ದವು. ಹಡಗು ಕಟ್ಟುವವರ ಚರ್ಚ್ ಅಲ್ವಾ, ಕಬ್ಬಿಣದ ಬಗ್ಗೆ ಅವರಿಗೆ ಸಂಕೋಚ ಇರಲಿಲ್ಲ!

1881ರಲ್ಲಿ ಬೆಂಕಿ ಬಿತ್ತು. ನೌಕಾಪಡೆ ಮತ್ತೆ ಕಟ್ಟಿಸಿತು. 1960ರಲ್ಲಿ ಹಡಗುಕಟ್ಟೆಯೇ ಮುಚ್ಚಿತು. 2001ರಲ್ಲಿ ಎರಡನೇ ಸಲ ಸುಟ್ಟಾಗ ಎತ್ತಿ ನಿಲ್ಲಿಸಲು ನೌಕಾಪಡೆ ಇರಲಿಲ್ಲ. ಇಪ್ಪತ್ತು ವರ್ಷ ಮಳೆ ಗಾಳಿಗೆ ಒಡ್ಡಿಕೊಂಡು ನಿಂತಿತ್ತು.

ಅದನ್ನು ಉಳಿಸಿದ್ದು ಸ್ವೇಲ್ ಬರೋ ಕೌನ್ಸಿಲ್‌ನ ಧೈರ್ಯ. ಕಡ್ಡಾಯ ಖರೀದಿಯ ಅಧಿಕಾರ ಬಳಸಿ ಖಾಸಗಿಯವರ ಕೈಯಿಂದ ಬಿಡಿಸಿದರು. ಮುಂದೆ ಶೀರ್‌ನೆಸ್ ಡಾಕ್‌ಯಾರ್ಡ್ ಪ್ರಿಸರ್ವೇಶನ್ ಟ್ರಸ್ಟ್ ಹೊಣೆ ಹೊತ್ತಿತು. ಲಾಟರಿ ಹಣದಿಂದ ಪಾರಂಪರಿಕ ತಾಣಗಳಿಗೆ ನೆರವಾಗುವ ನ್ಯಾಷನಲ್ ಲಾಟರಿ ಹೆರಿಟೇಜ್ ಫಂಡ್ ದುಡ್ಡು ಕೊಟ್ಟಿತು. 2023ರಲ್ಲಿ ಬಾಗಿಲು ತೆರೆಯಿತು. ಈಗ ಅದರೊಳಗೆ ಜನ ಕೂತು ಕೆಲಸ ಮಾಡುತ್ತಾರೆ. ಒಳಗೆ ಹೋದಾಗ ಒಂದು ಗೋಡೆಯ ಮುಂದೆ ತುಂಬ ಹೊತ್ತು ನಿಂತೆ. ಗಾರೆ ಉದುರಿದ ಕಡೆ ಇಟ್ಟಿಗೆ ಹಾಗೇ ಬಿಟ್ಟಿದ್ದಾರೆ, ಬಣ್ಣ ಬಳಿದು ಮುಚ್ಚಿಲ್ಲ. ಕೈಯಿಟ್ಟರೆ ತರಿತರಿ. ಆ ಗಾಯವನ್ನು ಉಳಿಸಿಕೊಂಡದ್ದು ನನಗೆ ತುಂಬ ಹಿಡಿಸಿತು.

ಈಗ ನನ್ನ ಕೋರಿಕೆ. ಸ್ವಲ್ಪ ದೂರದಲ್ಲೇ, ಬಂದರಿನ ಬೇಲಿಯೊಳಗೆ, ಬೋಟ್ ಸ್ಟೋರ್ ಇದೆ. 1860ರ ಹೊತ್ತಿಗೆ ಗಾಡ್‌ಫ್ರೀ ಗ್ರೀನ್ ಎಂಬ ನೌಕಾಪಡೆಯ ಎಂಜಿನಿಯರ್ ಕಟ್ಟಿದ, ದೋಣಿಗಳನ್ನು ಇಡುವ ನಾಲ್ಕು ಅಂತಸ್ತಿನ ಉಗ್ರಾಣ. 210 ಅಡಿ ಉದ್ದ, ಪೂರ್ತಿ ಕಬ್ಬಿಣದ ಚೌಕಟ್ಟು. ಗೋಡೆ ಭಾರ ಹೊರುವುದಿಲ್ಲ, ಚೌಕಟ್ಟೇ ಹೊರುತ್ತದೆ. ಇವತ್ತಿನ ಗಗನಚುಂಬಿಗಳು ನಿಂತಿರುವುದೂ ಹೀಗೇ. ಚಿಕಾಗೋದಲ್ಲಿ ಅವು ಏಳುವುದಕ್ಕೆ ಇಪ್ಪತ್ತು ವರ್ಷಕ್ಕೂ ಮೊದಲು ಶೀರ್‌ನೆಸ್‌ನಲ್ಲಿ ಇದು ಎದ್ದಿತ್ತು. ಸಂರಕ್ಷಿತ ಕಟ್ಟಡಗಳಲ್ಲಿ ಅತಿ ಮೇಲಿನ ದರ್ಜೆಯಾದ ಗ್ರೇಡ್ ಒಂದರ ಪಟ್ಟಿಯಲ್ಲಿದೆ. ಆದರೆ ಹತ್ತಿರ ಹೋಗಿ ನೋಡುವ ಹಾಗಿಲ್ಲ.

ಜನರ ಕಣ್ಣಿಗೆ ಬೀಳದ ಕಟ್ಟಡದ ಪರವಾಗಿ ಯಾರೂ ಕೂಗುವುದಿಲ್ಲ. ಚರ್ಚ್ ಸುಡುವವರೆಗೂ ನಾವು ಕಾದಿದ್ದೇ ಸಾಕು.

ನನಗೆ ಇದು ಪರರ ಊರಿನ ಕಥೆಯಲ್ಲ. ಕಾರ್ನ್‌ವಾಲಿಸ್ ಎಂಬ ಯುದ್ಧನೌಕೆಯನ್ನು 1813ರಲ್ಲಿ ಬೊಂಬಾಯಿಯಲ್ಲಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ತೇಗದ ಮರದಲ್ಲಿ ಕಟ್ಟಿದರು. 1842ರ ನಾನ್‌ಕಿಂಗ್ ಒಪ್ಪಂದಕ್ಕೆ ಬ್ರಿಟನ್ ಮತ್ತು ಚೀನಾ ಸಹಿ ಹಾಕಿದ್ದು ಅದರ ಮೇಲೆಯೇ. ವಯಸ್ಸಾದ ಮೇಲೆ ಅದು ಶೀರ್‌ನೆಸ್‌ಗೆ ಬಂದು ಜೆಟ್ಟಿಯಾಗಿ ನಿಂತಿತು. 1957ರಲ್ಲಿ ಒಡೆದರು. ನಮ್ಮ ಕಡೆಯ ತೇಗ ಇಲ್ಲಿಯ ಉಪ್ಪುನೀರಲ್ಲಿ ಅಷ್ಟು ಕಾಲ ನಿಂತಿತ್ತು.

ಬಂದರಿನವರು, ಹಳೆಯ ಕಟ್ಟಡಗಳ ರಕ್ಷಣೆಯ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್, ಟ್ರಸ್ಟ್, ಕೌನ್ಸಿಲ್, ಎಲ್ಲರನ್ನೂ ಒಂದೇ ಮೇಜಿಗೆ ಕರೆಯಲು ನಿಮ್ಮಿಂದ ಆಗುತ್ತದೆ. ಬಂದರಿನ ಕೆಲಸಕ್ಕೆ, ಸುರಕ್ಷತೆಗೆ ತೊಂದರೆ ಆಗಬಾರದು, ಒಪ್ಪುತ್ತೇನೆ. ದಿನಾ ತೆಗೆಯಿರಿ ಅನ್ನುತ್ತಿಲ್ಲ. ಪಾರಂಪರಿಕ ತಾಣಗಳನ್ನು ಜನರಿಗೆ ಉಚಿತವಾಗಿ ತೆರೆದಿಡುವ ಸೆಪ್ಟೆಂಬರ್‌ನ ಹೆರಿಟೇಜ್ ಓಪನ್ ಡೇಸ್‌ನಲ್ಲಿ ಒಂದು ದಿನ, ಇಪ್ಪತ್ತಿಪ್ಪತ್ತು ಜನರ ತಂಡವಾಗಿ, ಹೆಲ್ಮೆಟ್ ಹಾಕಿಸಿ ಕರೆದುಕೊಂಡು ಹೋಗಲಿ. ಯಾವ ವರ್ಷದಿಂದ ಆಗಬಹುದು ಅಂತ ದಯವಿಟ್ಟು ಉತ್ತರ ಬರೆಯಿರಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಕನ್ನಡಿಗ